ಭತ್ತದ ಗದ್ದೆ ಸೈಬೀರಿಯಾ ಅಲ್ಲ

ಮೀಥೇನ್ ಕುರಿತ ಕನ್ನಡ ಬರಹಗಳಲ್ಲಿ ಒಂದು ಜಾಡು ಬಿದ್ದುಬಿಟ್ಟಿದೆ. ಸೈಬೀರಿಯಾದ ಹೆಪ್ಪುನೆಲ ಕರಗುತ್ತಿರುವ ಸಂಗತಿಯಿಂದ ಲೇಖನ ಆರಂಭವಾಗುತ್ತದೆ. 'ಮೀಥೇನ್ ಬಾಂಬ್' ಎಂಬ ಮಾತು ಬರುತ್ತದೆ. ಮುಂದಿನ ಪ್ಯಾರಾದಲ್ಲಿ ಜೌಗು ನೆಲಗಳ ಪಟ್ಟಿಗೆ ಭತ್ತದ ಗದ್ದೆಯೂ ಸೇರಿಕೊಳ್ಳುತ್ತದೆ. ಶಹಾಪುರ, ಸುರಪುರ ಭಾಗದ ವಿದ್ಯಾರ್ಥಿ ಇದನ್ನು ಓದಿದರೆ ತನ್ನ ತಂದೆಯ ಗದ್ದೆಯೂ ಸೈಬೀರಿಯಾದ ಜೊತೆಗಾರ ಎಂದು ಭಾವಿಸುವುದು ಸಹಜ. ಈ ಜೋಡಣೆಯಲ್ಲಿ ಅರ್ಧ ಸತ್ಯವಿದೆ.

ಸತ್ಯವಿರುವುದು ನೀರಿನ ವಿಷಯದಲ್ಲಿ. ಆಕ್ಸಿಜನ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ವಿಸರಣಗೊಳ್ಳುತ್ತದೆ. ಆದ್ದರಿಂದ ನೀರು ನಿಂತ ಮಣ್ಣಿನಲ್ಲಿ ಆಕ್ಸಿಜನ್ ಬೇಗನೆ ಮುಗಿಯುತ್ತದೆ. ಆಮೇಲೆ ಅಣುಜೀವಿಗಳು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಸರದಿಯಂತೆ ಬಳಸುತ್ತವೆ. ಅವೂ ತೀರಿದ ಮೇಲೆ ಮೀಥೇನ್ ತಯಾರಿಸುವ ಆರ್ಕಿಯಗಳ ಕಾಲ. ಗದ್ದೆಯಲ್ಲಿ ಈ ಅನಿಲದ ಬಹುಪಾಲು ಗುಳ್ಳೆಯಾಗಿ ಏಳುವುದಿಲ್ಲ; ಭತ್ತದ ಗಿಡದೊಳಗಿನ ಗಾಳಿನಾಳಗಳ ಮೂಲಕವೇ ಹೊರಬೀಳುತ್ತದೆ. ಉತ್ತರದ ಜೌಗಿನ ಜೊಂಡೂ ಇದೇ ಕೆಲಸ ಮಾಡುತ್ತದೆ.

ಇಂಗಾಲದ ಮೂಲ ನೋಡಿದರೆ ಸಾಮ್ಯ ಮುಗಿಯುತ್ತದೆ. ಉತ್ತರದ ಹೆಪ್ಪುನೆಲ ಪ್ರದೇಶದಲ್ಲಿ ಸುಮಾರು 1,460ರಿಂದ 1,600 ಶತಕೋಟಿ ಟನ್ ಸಾವಯವ ಇಂಗಾಲವಿದೆ. ವಾತಾವರಣದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡರಷ್ಟು. ಅದು ಸಾವಿರಾರು ವರ್ಷ ಚಕ್ರದಿಂದ ಹೊರಗಿದ್ದ ಇಂಗಾಲ. ನೆಲ ಕರಗಿ ನೀರು ಬಸಿದರೆ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ನೀರು ನಿಂತರೆ ಮೀಥೇನ್ ಕೂಡ. ಅದನ್ನು ಮರಳಿ ಹೆಪ್ಪುಗಟ್ಟಿಸುವ ಉಪಾಯ ನಮ್ಮ ಕೈಯಲ್ಲಿಲ್ಲ. ಇನ್ನು 'ಬಾಂಬ್' ಎಂಬುದು ತಪ್ಪು ಪದ. ಇದು ದಶಕ, ಶತಮಾನಗಳ ಸೋರಿಕೆ. ಗದ್ದೆಯ ಇಂಗಾಲವೋ ಬಹುಮಟ್ಟಿಗೆ ಈಚಿನದು: ಬೇರಿನ ಸ್ರಾವ, ಕೂಳೆ, ಗೊಬ್ಬರ. ಗಾಳಿಯಿಂದ ಬಂದದ್ದೇ ಗಾಳಿಗೆ ಮರಳುತ್ತದೆ. ನಡುವೆ ಮೀಥೇನ್ ರೂಪ ತಾಳುವುದಷ್ಟೇ ತೊಂದರೆ, ಮತ್ತು ನೀರು ಬಸಿದರೆ ಅದು ತಗ್ಗುತ್ತದೆ.

ಅಂಕಿಗಳ ಬಳಕೆಯಲ್ಲೂ ಅಸಡ್ಡೆಯಿದೆ. 'ಮೀಥೇನ್ 80 ಪಟ್ಟು ಅಪಾಯಕಾರಿ' ಎಂದು ಬರೆದು ಅವಧಿಯನ್ನು ಬಿಟ್ಟುಬಿಡುತ್ತಾರೆ. ತೂಕಕ್ಕೆ ತೂಕ ಹೋಲಿಸಿದಾಗ 20 ವರ್ಷಗಳ ಲೆಕ್ಕಕ್ಕೆ ಸುಮಾರು 80, ಅದೇ 100 ವರ್ಷಗಳಿಗೆ ಸುಮಾರು 27. ಅವಧಿಯಿಲ್ಲದ ಅಂಕಿ ಏಕಮಾನವಿಲ್ಲದ ಉತ್ತರದಂತೆ. ಪರೀಕ್ಷೆಯಲ್ಲಾದರೆ ನಾವು ಅದಕ್ಕೆ ಅಂಕ ಕೊಡುವುದಿಲ್ಲ.

ಅಂಕಿಯನ್ನು ಅಳೆಯದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. ಭಾರತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 378 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನೇತೃತ್ವದಲ್ಲಿ ಎ.ಪಿ. ಮಿತ್ರ ಮತ್ತು ಸಂಗಡಿಗರು ಗದ್ದೆಗಿಳಿದು ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಒಂಬತ್ತರಲ್ಲಿ ಒಂದು ಪಾಲು! ಈ ಕಥೆ ನಮ್ಮ ಪಠ್ಯಪುಸ್ತಕಗಳಿಗೆ ಬರಬೇಕಿತ್ತು.

ಹಾಗೆಂದು ನಮ್ಮ ಗದ್ದೆಗಳಿಗೆ ಪೂರ್ಣ ಖುಲಾಸೆಯೂ ಇಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ತೊಗರಿಯ ಕಪ್ಪು ಭೂಮಿಗೆ ಭತ್ತ ಬಂತು. ಯೋಜನೆ ಬಯಸಿದ್ದು ಕಡಿಮೆ ನೀರಿನ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತರೆ ಕೆಳಭಾಗದವರಿಗೆ ನೀರಿಲ್ಲ. ಮೀಥೇನ್ ಅದೇ ನೀರಿನ ಇನ್ನೊಂದು ಮುಖ. ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ನೀರು ಕಟ್ಟುವ ಪದ್ಧತಿಯಿಂದ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಲೇಖನಗಳು ಇದನ್ನು 'ರೈತರಲ್ಲಿ ಅರಿವು ಮೂಡಿಸಬೇಕು' ಎಂದು ಮುಗಿಸುತ್ತವೆ. ಕೊರತೆ ಅರಿವಿನದಲ್ಲ. ಮುಂದಿನ ಸರದಿಯ ನೀರು ಹೇಳಿದ ದಿನ ಬರುತ್ತದೆಂಬ ಭರವಸೆ ಇಲ್ಲದವನು ಮಡಿಯಲ್ಲಿದ್ದ ನೀರನ್ನು ಹೇಗೆ ಬಿಟ್ಟಾನು? ಒಣಗಿಸುವಾಗ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು, ಅದು 100 ವರ್ಷಗಳ ಲೆಕ್ಕದಲ್ಲಿ 273 ಪಟ್ಟು ಎಂಬುದನ್ನೂ ಸೇರಿಸಿ ಯೂರಿಯಾದ ಮಾತನ್ನಾಡಬೇಕು.

ಈ ಪದ್ಧತಿಗೆ ಬೇಕಾದ ಉಪಕರಣ ತೂತು ಕೊರೆದ ಒಂದು ಪ್ಲಾಸ್ಟಿಕ್ ಕೊಳವೆ. ಅದನ್ನು ಮಡಿಯಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಕಟ್ಟಬೇಕು. ಕಾಲುವೆಯ ಮೇಲ್ಭಾಗದ ಒಂದು, ಕೊನೆಯಂಚಿನ ಒಂದು ಗದ್ದೆಯಲ್ಲಿ ಕೊಳವೆ ಹೂತು, ಅಡಿಪಟ್ಟಿ ಇಳಿಸಿ ದಿನವೂ ಅಳೆದು ನಕ್ಷೆ ಬರೆಯುವ ಕೆಲಸ ಪ್ರೌಢಶಾಲೆಯ ಮಕ್ಕಳಿಗೂ ಸಾಧ್ಯ.