ಅಂಟಿಸಿದ ಬಾಲವೂ ಸತ್ಯಸಾಕ್ಷಿಯೂ

ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ 1999ರ ನವೆಂಬರ್ ಸಂಚಿಕೆಯಲ್ಲಿ ಕ್ರಿಸ್ಟೋಫರ್ ಸ್ಲೋನ್ ಬರೆದ ಲೇಖನವೊಂದು ಸೃಷ್ಟಿಯನ್ನು ಕುರಿತ ಪ್ರಸಂಗಗಳಲ್ಲಿ ಇಂದಿಗೂ ಪ್ರಸ್ತಾಪಕ್ಕೆ ಬರುತ್ತದೆ. ಚೀನಾದ ಲಿಯಾವೊನಿಂಗ್ ಪ್ರಾಂತ್ಯದ ‘ಆರ್ಕಿಯೋರಾಪ್ಟರ್’ ಎಂಬ ಪಳೆಯುಳಿಕೆಯು ಡೈನೋಸಾರ್‌ಗಳನ್ನೂ ಪಕ್ಷಿಗಳನ್ನೂ ಬೆಸೆಯುವ ಕೊಂಡಿಯೆಂದು ಆ ಲೇಖನ ಸಾರಿತು. ಕೆಲವೇ ತಿಂಗಳುಗಳಲ್ಲಿ ಅದು ಕೃತಕವೆಂದು ಬಯಲಾಯಿತು. ಆ ಲೇಖನವನ್ನೂ, ಪ್ರಸಂಗಪೀಠದಲ್ಲಿ ಅದಕ್ಕೆ ಒದಗಿರುವ ಬಳಕೆಯನ್ನೂ ಒಂದೇ ಅಳತೆಗೋಲಿನಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಲೇಖನದ ದೋಷ ಸ್ಪಷ್ಟವಾಗಿದೆ: ಆಧಾರವು ಹೊರಲಾರದಷ್ಟು ನಿಶ್ಚಯವನ್ನು ಅದು ಆಧಾರದ ಮೇಲೆ ಹೇರಿತು. ಆ ಶಿಲೆಯನ್ನು ಅಮೆರಿಕದ ಟೂಸಾನ್ ನಗರದ ರತ್ನಶಿಲೆಗಳ ಮೇಳದಲ್ಲಿ 80,000 ಡಾಲರಿಗೆ ಕೊಳ್ಳಲಾಗಿತ್ತು. ಅದನ್ನು ವರ್ಣಿಸಿದ ಪ್ರಬಂಧವನ್ನು ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳೆರಡೂ ನಿರಾಕರಿಸಿದ್ದವು. ಸಿ.ಟಿ. ಸ್ಕ್ಯಾನ್ ನಡೆಸಿದ ತಿಮೊಥಿ ರೋ, ಬೇರೆ ಬೇರೆ ತುಣುಕುಗಳನ್ನು ಕೂಡಿಸಿರುವ ಸಂಶಯವನ್ನು ಪ್ರಕಟಣೆಗೆ ಮುಂಚೆಯೇ ಶಿಲೆಯ ಒಡೆಯರಿಗೆ ತಿಳಿಸಿದ್ದರು. ಇಷ್ಟಾದರೂ ಲೇಖನದ ದನಿ ಅಳುಕಲಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ಪಕ್ಷಿತಜ್ಞ ಸ್ಟಾರ್ಸ್ ಓಲ್ಸನ್ ಬಹಿರಂಗ ಪತ್ರ ಬರೆದು ಅದನ್ನು ಖಂಡಿಸಿದರು. ಚೀನಾದ ವಿಜ್ಞಾನಿ ಶು ಶಿಂಗ್ ಅದೇ ಬಾಲದ ಮತ್ತೊಂದು ಮಗ್ಗುಲಿನ ಶಿಲೆಯನ್ನು ಪತ್ತೆಹಚ್ಚಿ, ಆ ಬಾಲವು ಬೇರೊಂದು ಪ್ರಾಣಿಯದೆಂದು ತೋರಿಸಿದರು. 2000ದಲ್ಲಿ ಆ ಪತ್ರಿಕೆಯೇ ತನಿಖಾ ವರದಿಯನ್ನು ಪ್ರಕಟಿಸಿತು.

ಇಷ್ಟನ್ನು ಕೆಲವು ಪ್ರಸಂಗಿಗಳು ತಪ್ಪದೆ ಹೇಳುತ್ತಾರೆ. ಆದರೆ ಇಲ್ಲಿಗೇ ನಿಲ್ಲಿಸಿ, ಈ ಕೊಂಡಿ ಸುಳ್ಳಾದ್ದರಿಂದ ಎಲ್ಲ ಕೊಂಡಿಗಳೂ ಸುಳ್ಳೆಂದು ತೀರ್ಮಾನಿಸುತ್ತಾರೆ. ಉಳಿದ ಕಥೆ ಸಭೆಯ ಕಿವಿಗೆ ಬೀಳುವುದಿಲ್ಲ. ಅಂಟಿಸಿದ ಬಾಲವು ಮೈಕ್ರೋರಾಪ್ಟರ್ ಎಂಬ ನಿಜವಾದ ಡೈನೋಸಾರ್‌ನದು. ದೇಹದ ಭಾಗವು ಯಾನೊರ್ನಿಸ್ ಎಂಬ ನಿಜವಾದ ಪಕ್ಷಿಯದು. ಅದೇ ಮೈಕ್ರೋರಾಪ್ಟರ್ ಕುಲದ ಪ್ರಾಣಿಗಳಿಗೆ ಕೈಗಳಲ್ಲಷ್ಟೇ ಅಲ್ಲ, ಕಾಲುಗಳಲ್ಲಿಯೂ ಉದ್ದನೆಯ ಗರಿಗಳಿದ್ದವೆಂದು 2003ರಲ್ಲಿ ಪ್ರಕಟವಾಯಿತು. ವಂಚನೆಗೆ ಬಳಸಿದ ಬಾಲವೇ ಗರಿಯುಳ್ಳ ಡೈನೋಸಾರ್‌ಗೆ ಸೇರಿದ್ದಾಗಿತ್ತು! ಹಲ್ಲು, ಎಲುಬಿನ ಉದ್ದ ಬಾಲ, ಗರಿ ಮೂರನ್ನೂ ಹೊಂದಿದ ಆರ್ಕಿಯಾಪ್ಟೆರಿಕ್ಸ್ ಜರ್ಮನಿಯ ಸುಣ್ಣಶಿಲೆಯಲ್ಲಿ 1861ರಿಂದಲೂ ಪರಿಚಿತ. ಇನ್ನು ಓಲ್ಸನ್, ಪಕ್ಷಿಗಳು ಡೈನೋಸಾರ್‌ಗಳಿಂದ ಬಂದವೆಂಬ ವಾದವನ್ನು ಒಪ್ಪದವರೇ ಹೊರತು ಜೀವವಿಕಾಸವನ್ನು ಅಲ್ಲಗಳೆದವರಲ್ಲ. ಇದನ್ನು ಮರೆಮಾಡಿ ಅವರ ಪತ್ರವನ್ನು ಉದಾಹರಿಸುವುದು ಸಾಕ್ಷಿಯನ್ನು ತಿರುಚಿದಂತೆಯೇ ಸರಿ.

ಇದನ್ನು ಒಪ್ಪಿದರೆ ಆದಿಕಾಂಡವನ್ನು ಬಿಟ್ಟುಕೊಟ್ಟಂತಾಗದೇ ಎಂದು ಕೆಲವರು ಕೇಳಬಹುದು. ಆದಿಕಾಂಡದ ಮೊದಲ ಅಧ್ಯಾಯಗಳನ್ನು ಹೇಗೆ ಓದಬೇಕೆಂಬುದರಲ್ಲಿ ಸಭೆಯ ಪಂಡಿತರು ಪುರಾತನ ಕಾಲದಿಂದಲೂ ಭಿನ್ನಾಭಿಪ್ರಾಯ ಉಳ್ಳವರೇ. ಆ ಚರ್ಚೆ ಮುಂದುವರಿಯಲಿ. ಯಾವ ಪಕ್ಷವನ್ನು ಹಿಡಿದವರೇ ಆಗಲಿ, ಹೇಳುವ ಸಾಕ್ಷಿ ಪೂರ್ಣವಾಗಿರಲಿ ಎಂಬುದಷ್ಟೇ ನಮ್ಮ ಕೋರಿಕೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆ ಪ್ರಸಂಗಪೀಠದ ಮೆಟ್ಟಿಲ ಬಳಿ ನಿಂತುಬಿಡುವುದಿಲ್ಲ. ಅರ್ಧ ಕಥೆಯನ್ನು ಕೇಳಿ ಬೆಳೆದ ಸಭೆಯ ಯುವಕನು ನಾಳೆ ಕಾಲೇಜಿನಲ್ಲಿ ಉಳಿದರ್ಧವನ್ನು ಓದುವಾಗ, ಪಳೆಯುಳಿಕೆಯ ವಿಷಯದಲ್ಲಿ ತನ್ನಿಂದ ಮರೆಮಾಡಿದವರು ಪುನರುತ್ಥಾನದ ವಿಷಯದಲ್ಲಿ ನಂಬಿಕೆಗೆ ಅರ್ಹರೇ ಎಂದು ಕೇಳದಿರಲಾರನು. ನಷ್ಟವಾಗುವುದು ವಾದವಲ್ಲ, ಸುವಾರ್ತೆಯ ಮೇಲಣ ಭರವಸೆ.

ದೇವರ ಪರವಾಗಿ ಅನ್ಯಾಯದ ಮಾತಾಡುವಿರೋ ಎಂದು ಯೋಬನು ತನ್ನ ಸ್ನೇಹಿತರನ್ನು ಕೇಳಿದ್ದುಂಟು. ಅವರು ದೇವರನ್ನು ದೂಷಿಸಿದವರಲ್ಲ, ಸಮರ್ಥಿಸಿದವರು. ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರೂ ಅವರೇ. ಪ್ರಸಂಗವನ್ನು ಸಿದ್ಧಪಡಿಸುವ ಪ್ರತಿಯೊಬ್ಬರೂ ಆ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕೆಂದು ನಾವು ಬಯಸುತ್ತೇವೆ.