ಡ್ರೈವರ್ ತೆಗೆದು ಹಾಕಿದರೆ ಸಾಕೆ?

ಸೋಂದಾ ಕಡೆಯ ತೋಟದ ಮನೆಗಳಲ್ಲಿ ಯುಎಸ್‌ಬಿ ವೈಫೈ ಡಾಂಗಲ್‌ಗೆ ಇನ್ನೂ ಕೆಲಸವಿದೆ. ರೂಟರ್ ಜಗಲಿಯಲ್ಲಿ, ಹಳೆಯ ಡೆಸ್ಕ್‌ಟಾಪ್ ಮೆತ್ತಿಯ ಮೇಲೆ. ಮಣ್ಣಿನ ಗೋಡೆ ಕೊರೆದು ಕೇಬಲ್ ಎಳೆಯಲು ಯಾರಿಗೂ ಮನಸ್ಸಿಲ್ಲ. ಡಾಂಗಲ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ‘ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕಿ.’ ಮದ್ದು ಸುಳ್ಳಲ್ಲ. ಆದರೆ ಕೊಡುವ ಕ್ರಮ ಅರ್ಧಂಬರ್ಧ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಅನ್‌ಇನ್‌ಸ್ಟಾಲ್’ ಒತ್ತಿದ ಮಾತ್ರಕ್ಕೆ ಡ್ರೈವರ್ ಹೋಗುವುದಿಲ್ಲ. ಡ್ರೈವರ್‌ಸ್ಟೋರ್ ಎಂಬ ಫೋಲ್ಡರಿನಲ್ಲಿ ಅದರ ಪ್ರತಿ ಕೂತೇ ಇರುತ್ತದೆ. ಡಾಂಗಲ್ ಮತ್ತೆ ಸಿಕ್ಕಿಸಿದೊಡನೆ ವಿಂಡೋಸ್ ಅದನ್ನೇ ಎತ್ತಿ ತರುತ್ತದೆ. ಕೆಟ್ಟದ್ದು ಹೋಗಿ ಕೆಟ್ಟದ್ದೇ ಬಂತು. ತೆಗೆಯುವಾಗ ಡ್ರೈವರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಬೇಕು. ಸಲಹೆ ಕೊಡುವವರು ಮರೆಯುವುದು ಈ ಟಿಕ್ಕನ್ನೇ.

ಇದಕ್ಕಿಂತ ದೊಡ್ಡ ತೊಡಕು ಡಬ್ಬಿಯ ಮೇಲಿನ ಹೆಸರು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ನೋಡಿ: ಮೊದಲ ಆವೃತ್ತಿಯೊಳಗೆ ಅಥೆರಾಸ್ ಎಆರ್9271 ಚಿಪ್, ನಂತರದವುಗಳಲ್ಲಿ ರಿಯಲ್‌ಟೆಕ್ ಚಿಪ್. ಹೆಸರೂ ಅದೇ, ಮೈಕಟ್ಟೂ ಅದೇ. ಮಾದರಿಯ ಹೆಸರು ನಂಬಿ ಡ್ರೈವರ್ ಇಳಿಸಿಕೊಂಡವರು ಎಷ್ಟು ಸಲ ಹಾಕಿದರೂ ಅಷ್ಟೆ. ನಂಬಬೇಕಾದದ್ದು ಹಾರ್ಡ್‌ವೇರ್ ಐಡಿಯನ್ನು: ಮೊದಲನೆಯದರಲ್ಲಿ ವಿಐಡಿ (ತಯಾರಕರ ಗುರುತು ಸಂಖ್ಯೆ) 0ಸಿಎಫ್3, ನಂತರದವುಗಳಲ್ಲಿ 2357. ತಯಾರಕರು ಹೀಗೆ ಒಂದೇ ಹೆಸರಲ್ಲಿ ಬೇರೆ ಸರಕು ಮಾರುವುದು ನನಗಂತೂ ಸಭ್ಯತೆ ಎನಿಸಿಲ್ಲ.

ನೆಟ್ ಇಲ್ಲದೆ ಡ್ರೈವರ್ ತರುವುದು ಹೇಗೆ? ಡಬ್ಬಿಯಲ್ಲಿ ಪುಟ್ಟ ಸಿಡಿ ಕೊಟ್ಟಿರುತ್ತಾರೆ. ಈಗಿನ ಕಂಪ್ಯೂಟರಿಗೆ ಸಿಡಿ ಬಾಯೇ ಇಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಕೆಲಸವಾಗುತ್ತದೆ. ತೋಟದ ತಗ್ಗಿನಲ್ಲಿ ಸಿಗ್ನಲ್ ಇಲ್ಲವೆಂಬ ಚಿಂತೆಯೂ ಬೇಡ: ಫೋನ್ ಮನೆಯ ವೈಫೈ ಹಿಡಿದಿದ್ದರೆ ಅದನ್ನೇ ದಾಟಿಸುತ್ತದೆ. ಅಲ್ಲಿಗೆ ಫೋನೇ ಡಾಂಗಲ್ ಆಯಿತು! ಇಷ್ಟು ಉಪಯುಕ್ತ ಮಾತನ್ನು ಯಾಕೆ ಮೊದಲೇ ಹೇಳುವುದಿಲ್ಲವೋ.

ಎಲ್ಲ ಕಾಯಿಲೆಯೂ ಡ್ರೈವರಿನದಲ್ಲ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ವೈಫೈಗೆ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ಬರೆದಿದೆ. ಡಾಂಗಲ್ ಪಕ್ಕದ ಹಾರ್ಡ್‌ಡಿಸ್ಕ್ ಕಿತ್ತರೆ ಸರಿಹೋದೀತು. ವಿಂಡೋಸ್ ಕೋಡ್ 28 ತೋರಿಸಿದರೆ ಡ್ರೈವರ್ ಇಲ್ಲವೆಂದೇ ಅರ್ಥ, ಹಾಕಿ. ಕೋಡ್ 43 ಬಂದರೆ ಸಾಧನದ ಮೇಲೇ ಅನುಮಾನಪಡಿ. ಪಟ್ಟಿಯಲ್ಲಿ ಕಾಣಿಸಿಕೊಳ್ಳದ ಡಾಂಗಲನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. ಅಲ್ಲೂ ಕಾಣದಿದ್ದರೆ ಡ್ರೈವರ್ ಹುಡುಕುವುದು ಬಿಟ್ಟು ಶಿರಸಿಗೆ ಹೋದಾಗ ಹೊಸತು ತನ್ನಿ.