ಆರ್ಟಿಕಲ್‌ಗಳ ‘ವಿಶೇಷ ಪ್ರಯೋಗ’: ಒಂದು ಬೋಧನಾ ಪರಂಪರೆಯ ವಿಮರ್ಶೆ

ಇಂಗ್ಲಿಷನ್ನು ಕನ್ನಡದ ಮೂಲಕ ಕಲಿಸುವ ಪುಸ್ತಕಗಳಲ್ಲಿ ಆರ್ಟಿಕಲ್‌ಗಳ ಅಧ್ಯಾಯವು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಸಾಮಾನ್ಯ ನಿಯಮ: ‘ಎ’ ಎಂದರೆ ‘ಒಂದು’, ‘ದಿ’ ಎಂದರೆ ‘ಆ’. ಅದರ ಬೆನ್ನಿಗೆ ‘ವಿಶೇಷ ಪ್ರಯೋಗ’ಗಳ ಉದ್ದನೆಯ ಪಟ್ಟಿ. ವಿದ್ಯಾರ್ಥಿಯು ನಿಯಮವನ್ನು ಅರ್ಥಮಾಡಿಕೊಳ್ಳಬೇಕು, ಪಟ್ಟಿಯನ್ನು ಬಾಯಿಪಾಠ ಮಾಡಬೇಕು. ಆಮೇಲೂ ಉಳಿಯುವ ತಪ್ಪುಗಳಿಗೆ ‘ಕನ್ನಡದಲ್ಲಿ ಆರ್ಟಿಕಲ್ ಇಲ್ಲ’ ಎಂಬ ಕಾರಣ ಸಿದ್ಧವಾಗಿರುತ್ತದೆ. ಈ ಮೂರೂ ಹೆಜ್ಜೆಗಳು ಮರುಪರಿಶೀಲನೆಗೆ ಅರ್ಹವೆಂಬುದು ಈ ಬರಹದ ನಿಲುವು. ಪಟ್ಟಿಯಲ್ಲಿ ‘ವಿಶೇಷ’ವೆಂದು ಬದಿಗಿಟ್ಟಿರುವುದರಲ್ಲಿ ದೊಡ್ಡ ಪಾಲು ಕನ್ನಡದ ಕರ್ಮಪದರಚನೆಯಲ್ಲಿ ಕ್ರಮಬದ್ಧವಾಗಿಯೇ ಇದೆ, ಬೋಧನೆ ಅದನ್ನು ಬಳಸಿಕೊಂಡಿಲ್ಲ.

‘ದಿ’ ಎಂದರೆ ‘ಆ’ ಎಂಬ ಸಮೀಕರಣವನ್ನು ಮೊದಲು ನೋಡೋಣ. ಬೆಂಗಳೂರಿನ ಹಲಸೂರು ಕೆರೆಗೆ ಸಮೀಪದ ಜೋಗುಪಾಳ್ಯದಲ್ಲಿ ಒಬ್ಬರು ‘ಕೆರೆ ತುಂಬಿದೆ’ ಎಂದರೆ ಯಾವ ಕೆರೆಯೆಂದು ಯಾರೂ ಕೇಳುವುದಿಲ್ಲ. ‘ಆ ಕೆರೆ ತುಂಬಿದೆ’ ಎಂದರೆ ‘ಯಾವ ಕೆರೆ?’ ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯ ಸಂದರ್ಭಕ್ಕೇ ‘ದಿ ಲೇಕ್’ ಬೇಕು. ನಿಶ್ಚಿತತೆಗೆ ಪರಿಚಿತತೆಯೇ ಆಧಾರವೆಂದು ಪಾಲ್ ಕ್ರಿಸ್ಟೋಫರ್ಸನ್ 1939ರಲ್ಲಿ ಪ್ರತಿಪಾದಿಸಿದರು. 1978ರಲ್ಲಿ ಜಾನ್ ಹಾಕಿನ್ಸ್ ‘ವಿಶಾಲ ಸನ್ನಿವೇಶ’ದ ಬಳಕೆಯೆಂದು ಗುರುತಿಸಿದ್ದು ಇಂಥ ಪ್ರಯೋಗಗಳನ್ನೇ. ಒಂದು ಊರಿನವರಿಗೆಲ್ಲ ಸಮಾನವಾಗಿ ತಿಳಿದ ವಸ್ತುವಿಗೆ ಮುನ್ಸೂಚನೆ ಬೇಕಿಲ್ಲ. ಕನ್ನಡ ಇಲ್ಲಿ ಬಳಸುವುದು ನಿರ್ದೇಶಕವಿಲ್ಲದ ಬರಿಯ ನಾಮಪದವನ್ನು. ದಂಡು, ಕೋಟೆ, ಪೇಟೆ ಎಂಬ ಹಳೆಯ ಬೆಂಗಳೂರಿನ ಸ್ಥಳಸೂಚಕಗಳು ನಡೆದುಬಂದದ್ದೂ ಹೀಗೆಯೇ. ‘ಆ’ ಎಂಬುದು ಕೈತೋರುವ ಪದ, ಪರಿಚಿತತೆಯ ಗುರುತಲ್ಲ. ಆದ್ದರಿಂದ ಈ ಸಮೀಕರಣವನ್ನು ನಂಬಿದ ವಿದ್ಯಾರ್ಥಿ ‘ದಿ’ ಬೇಕಾದ ಕಡೆಯಲ್ಲೇ ಅದನ್ನು ಬಿಡುತ್ತಾನೆ. ಅವನ ಕನ್ನಡದ ಅರಿವು ಅಲ್ಲಿ ‘ಆ’ ಬೇಡವೆಂದು ಸರಿಯಾಗಿಯೇ ಹೇಳುತ್ತಿರುತ್ತದೆ.

ಇನ್ನು ಪಟ್ಟಿ. ಭಾರತದ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಆರ್ಟಿಕಲ್ ಬಿಟ್ಟುಹೋಗುವ ಸಂದರ್ಭಗಳನ್ನು ಬೇರೆಬೇರೆ ಅಂಶಗಳಾಗಿ ಎಣಿಸುತ್ತದೆ. ಸ್ಕೂಲ್, ಚರ್ಚ್, ಹಾಸ್ಪಿಟಲ್ ಮೊದಲಾದವುಗಳನ್ನು ಅವುಗಳ ಮುಖ್ಯ ಉದ್ದೇಶಕ್ಕಾಗಿ ಬಳಸುವುದು ಒಂದು ಅಂಶ. ‘ಸೆಟ್ ಸೇಲ್’, ‘ಕ್ಯಾಚ್ ಫೈರ್’ ಮಾದರಿಯ ಕ್ರಿಯಾ–ಕರ್ಮ ಜೋಡಿಗಳು ಇನ್ನೊಂದು. ‘ಆನ್ ಫುಟ್’, ‘ಬೈ ಡೇ’ ಮಾದರಿಯ ಪದಪುಂಜಗಳು ಮತ್ತೊಂದು. ಈ ವಿವರಣೆಯಲ್ಲಿ ತಪ್ಪಿಲ್ಲ, ಕೊರತೆಯಿದೆ. ಮೂರರಲ್ಲೂ ನಾಮಪದವು ಒಂದು ವಸ್ತುವನ್ನು ಎತ್ತಿ ತೋರಿಸುವುದಿಲ್ಲ; ಕ್ರಿಯೆಯೊಡನೆ ಬೆರೆತು ರೂಢಿಯಾದ ಒಂದು ಚಟುವಟಿಕೆಯನ್ನೋ ಸ್ಥಿತಿಯನ್ನೋ ಹೆಸರಿಸುತ್ತದೆ. ಮೂರನ್ನೂ ಕಟ್ಟುವ ಈ ಎಳೆ ಪಟ್ಟಿಯಲ್ಲಿ ಕಾಣುವುದಿಲ್ಲ.

ಆರ್ಟಿಕಲ್ ಬಿಟ್ಟುಹೋಗುವುದೇ ಇದರ ಗುರುತೂ ಅಲ್ಲ. ಗ್ರೆಗ್ ಕಾರ್ಲ್‌ಸನ್ ಮತ್ತು ರೇಚಲ್ ಸಸ್‌ಮನ್ 2005ರಲ್ಲಿ ಚರ್ಚಿಸಿದ ‘ದುರ್ಬಲ ನಿಶ್ಚಿತ’ ಪದಗಳನ್ನು ಗಮನಿಸಬೇಕು. ಇಬ್ಬರು ‘ರೆಡ್ ದಿ ನ್ಯೂಸ್‌ಪೇಪರ್’ ಎಂದಾಗ ಅವರು ಓದಿದ್ದು ಎರಡು ಬೇರೆ ಪತ್ರಿಕೆಗಳಾಗಿರಬಹುದು. ‘ರೆಡ್ ದಿ ಬುಕ್’ ಎಂದಾಗ ಪುಸ್ತಕ ಒಂದೇ ಆಗಿರಬೇಕು. ರೋಗಿಯಾಗಿ ಆಸ್ಪತ್ರೆಯಲ್ಲಿರುವುದಕ್ಕೆ ಬ್ರಿಟಿಷರು ಆರ್ಟಿಕಲ್ ಬಿಡುತ್ತಾರೆ, ಅಮೆರಿಕನ್ನರು ‘ದಿ’ ಸೇರಿಸುತ್ತಾರೆ, ಅರ್ಥ ಒಂದೇ.

ಇದೇ ಅರ್ಥಭೇದವನ್ನು ಕನ್ನಡವು ಕರ್ಮಪದದಲ್ಲಿ ದ್ವಿತೀಯಾ ವಿಭಕ್ತಿಯ ಮೂಲಕ ತೋರಿಸುತ್ತದೆ. ‘ಇಬ್ಬರೂ ಪೇಪರ್ ಓದಿದರು’ ಎಂಬುದು ಚಟುವಟಿಕೆ. ಪತ್ರಿಕೆ ಒಂದೋ ಎರಡೋ ಎಂಬುದು ಅಲ್ಲಿ ಮುಖ್ಯವಲ್ಲ. ‘ಇಬ್ಬರೂ ಪೇಪರನ್ನು ಓದಿದರು’ ಎಂದಾಗ ಪತ್ರಿಕೆ ತಾನೇ ಮಾತಿನ ವಸ್ತುವಾಗುತ್ತದೆ. ಬಗೆಯನ್ನು ಸೂಚಿಸುವ ವಿಶೇಷಣ ಈ ಬೆಸುಗೆಯನ್ನು ಬಿಡಿಸುವುದಿಲ್ಲ (‘ಇಂಗ್ಲಿಷ್ ಪೇಪರ್ ಓದಿದ’). ವಸ್ತುವನ್ನು ಬಣ್ಣಿಸುವ ವಿಶೇಷಣ ಬಂದರೆ ವಿಭಕ್ತಿ ಸಹಜವಾಗಿ ಮರಳುತ್ತದೆ (‘ಮೇಜಿನ ಮೇಲಿದ್ದ ಹರಿದ ಪೇಪರನ್ನು ಓದಿದ’). ಇಂಗ್ಲಿಷಿನಲ್ಲಿಯೂ ‘ಗೋ ಟು ಪ್ರೈಮರಿ ಸ್ಕೂಲ್’ ಸಾಧ್ಯ, ಆದರೆ ‘ಓಲ್ಡ್’ ಸೇರಿದೊಡನೆ ‘ಗೋ ಟು ದಿ ಓಲ್ಡ್ ಸ್ಕೂಲ್’ ಎನ್ನಬೇಕಾಗುತ್ತದೆ.

ಹೆಚ್ಚು ಬೆಳಕು ಚೆಲ್ಲುವ ಉದಾಹರಣೆ ‘ಹೆಣ್ಣು ನೋಡು’ ಎಂಬ ಪ್ರಯೋಗ. ಮನುಷ್ಯವಾಚಿಯಾದ ಕರ್ಮಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ವಿಭಕ್ತಿ ಬೇಕೇ ಬೇಕು: ‘ಹುಡುಗನನ್ನು ನೋಡಿದೆ’. ಆದರೂ ‘ಹೆಣ್ಣು ನೋಡಲು ಹೋದರು’ ಎಂಬುದು ಸರಿ, ‘ಹೆಂಗಸು ನೋಡಲು ಹೋದರು’ ಎಂಬುದು ಸಲ್ಲದು. ಮೊದಲನೆಯದರ ಹಿಂದೆ ಸಮಾಜ ಒಪ್ಪಿದ ಒಂದು ಆಚರಣೆಯಿದೆ. ಎರಡನೆಯದರ ಹಿಂದೆ ಇಲ್ಲ. ಹಿಂದಿಯ ‘ಲಡ್‌ಕೀ ದೇಖ್‌ನಾ’ ಕುರಿತು ವೆನೀತಾ ದಯಾಳ್ ಇದೇ ಬಗೆಯ ವ್ಯತ್ಯಾಸವನ್ನು ಗಮನಿಸಿದ್ದಾರೆ. ‘ಗೋ ಟು ಚರ್ಚ್’ ಹಾಗೂ ‘ಹೆಣ್ಣು ನೋಡು’ ಎರಡರಲ್ಲೂ ನಾಮಪದವನ್ನು ಬರಿದಾಗಿಸುವುದು ಆಚರಣೆಯ ರೂಢಿ.

ಈ ಹೋಲಿಕೆಯನ್ನು ಅಳತೆ ಮೀರಿ ಎಳೆಯಬಾರದು. ಮೊದಲನೆಯದಾಗಿ, ‘ಅನ್ನು’ ಎಂಬುದು ಕನ್ನಡದ ‘ದಿ’ ಅಲ್ಲ. ‘ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ’ ಎಂಬಲ್ಲಿ ವಿಭಕ್ತಿಯೂ ‘ಒಂದು’ ಎಂಬುದೂ ಜೊತೆಗಿವೆ. ಜೆಫ್ರಿ ಲಿಡ್ಜ್ 2006ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ವಾದಿಸಿದಂತೆ, ವಿಭಕ್ತಿಯಿಲ್ಲದ ಕರ್ಮಪದಕ್ಕೆ ನಿರ್ದಿಷ್ಟ ವಸ್ತುವಿನ ಅರ್ಥ ಬರುವುದಿಲ್ಲ. ವಿಭಕ್ತಿಯಿರುವ ಕರ್ಮಪದಕ್ಕೆ ಎರಡೂ ಅರ್ಥ ಸಾಧ್ಯ. ಎಂದರೆ ಖಚಿತ ಸೂಚನೆ ಸಿಗುವುದು ವಿಭಕ್ತಿಯ ಇರವಿನಿಂದಲ್ಲ, ಅದರ ಅಭಾವದಿಂದ. ಎರಡನೆಯದಾಗಿ, ಚತುರ್ಥಿಯಲ್ಲಿ ಈ ಭೇದ ಕಾಣುವುದಿಲ್ಲ. ವಿದ್ಯಾರ್ಥಿಯೂ ‘ಶಾಲೆಗೆ ಹೋದ’, ನಲ್ಲಿ ದುರಸ್ತಿ ಮಾಡುವವನೂ ‘ಶಾಲೆಗೆ ಹೋದ’. ಆದ್ದರಿಂದ ‘ಗೋ ಟು ಸ್ಕೂಲ್’, ‘ಗೋ ಟು ದಿ ಸ್ಕೂಲ್’ ಜೋಡಿಯನ್ನು ಕನ್ನಡದ ನೇರ ಅನುವಾದದಿಂದ ಕಲಿಸಲಾಗದು. ‘ಪೇಪರ್ ಓದು’, ‘ಪೇಪರನ್ನು ಓದು’ ಜೋಡಿಯಿಂದ ಆರಂಭಿಸಿ ಅಲ್ಲಿಗೆ ಸಾಗಬೇಕು.

ಈಗ ‘ಕನ್ನಡದಲ್ಲಿ ಆರ್ಟಿಕಲ್ ಇಲ್ಲ’ ಎಂಬ ಕಾರಣಕ್ಕೆ ಬರೋಣ. ಜೋಗುಪಾಳ್ಯದ ಬೀದಿಗಳಲ್ಲಿ ಕೇಳಿಬರುವ ಕನ್ನಡ, ತಮಿಳು, ತೆಲುಗು, ಉರ್ದು ಯಾವುದರಲ್ಲೂ ಇಂಗ್ಲಿಷಿನಂಥ ಆರ್ಟಿಕಲ್ ವ್ಯವಸ್ಥೆಯಿಲ್ಲ. ಆದರೆ ಕರ್ಮಪದಕ್ಕೆ ಕೆಲವೊಮ್ಮೆ ಪ್ರತ್ಯಯ ಹಚ್ಚಿ ಕೆಲವೊಮ್ಮೆ ಬಿಡುವ ಪದ್ಧತಿ ನಾಲ್ಕರಲ್ಲೂ ಇದೆ. ಅದು ದ್ರಾವಿಡ ಮತ್ತು ಇಂಡೋ–ಆರ್ಯನ್ ಗಡಿಯನ್ನು ದಾಟಿದ ಲಕ್ಷಣ. ಭಾರತೀಯ ಇಂಗ್ಲಿಷಿನ ಆರ್ಟಿಕಲ್ ಬಳಕೆಯನ್ನು ಕುರಿತ ತಮ್ಮ 2005ರ ಲೇಖನದಲ್ಲಿ ದೇವಯಾನಿ ಶರ್ಮಾ, ಆರ್ಟಿಕಲ್ ಬಿಟ್ಟುಹೋಗುವುದು ಯಾದೃಚ್ಛಿಕವಲ್ಲ, ಸಂದರ್ಭದಿಂದ ವಸ್ತು ಸುಲಭವಾಗಿ ತಿಳಿಯುವ ಕಡೆಗಳಲ್ಲಿ ಅದು ಹೆಚ್ಚು ಎಂದು ತೋರಿಸಿದರು. ‘ಕೆರೆ ತುಂಬಿದೆ’ ಎಂಬ ವಾಕ್ಯದ ತರ್ಕವೂ ಅದೇ. ಹಾಗಾದರೆ ಕಲಿಯುವವನ ತಪ್ಪು ಇಲ್ಲದಿರುವಿಕೆಯ ಫಲವಲ್ಲ, ಇರುವ ಇನ್ನೊಂದು ವ್ಯವಸ್ಥೆಯ ಫಲ. ಈ ನೋಟದಿಂದ ಒಂದು ಪರೀಕ್ಷಾರ್ಹ ಊಹೆ ಹುಟ್ಟುತ್ತದೆ: ಕನ್ನಡಿಗ ವಿದ್ಯಾರ್ಥಿಗೆ ‘ಸೆಟ್ ಸೇಲ್’ ಮಾದರಿ ಹೆಚ್ಚು ತೊಡಕಾಗಬಾರದು, ಬರಿಯ ಕರ್ಮಪದದ ಅರ್ಥವಿದ್ದೂ ‘ದಿ’ ಬೇಡುವ ‘ರೀಡ್ ದಿ ನ್ಯೂಸ್‌ಪೇಪರ್’ ತೊಡಕಾಗಬೇಕು. ಶಾಲಾ ಉತ್ತರಪತ್ರಿಕೆಗಳನ್ನು ಈ ದೃಷ್ಟಿಯಿಂದ ವಿಂಗಡಿಸುವುದು ಡಾಕ್ಟರೇಟ್ ಮಟ್ಟದ ಸಂಶೋಧನೆಗೆ ತಕ್ಕ ಕೆಲಸ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಸಂಸ್ಕೃತದ ಅಚ್ಚನ್ನು ಕುರಿತು. ಇಂಗ್ಲಿಷ್ ಕಲಿಸುವ ದ್ವಿಭಾಷಾ ವ್ಯಾಕರಣಗಳಿಗೂ ಆ ಮಾತು ಅನ್ವಯಿಸುತ್ತದೆ. ಇಂಗ್ಲಿಷ್‌ನಲ್ಲಿ ಇರುವುದನ್ನು ಎಣಿಸಿ ಕನ್ನಡದಲ್ಲಿ ಅದು ಇಲ್ಲವೆಂದು ಬರೆಯುವುದರಿಂದ ಕಲಿಯುವವನಿಗೆ ಸಿಗುವುದು ಕೀಳರಿಮೆ ಮಾತ್ರ. ‘ವಿಶೇಷ ಪ್ರಯೋಗ’ಗಳನ್ನು ಅಧ್ಯಾಯದ ಕೊನೆಯಿಂದ ಮೊದಲಿಗೆ ತಂದು, ಅವುಗಳನ್ನು ಕನ್ನಡದ ಬರಿಯ ಕರ್ಮಪದದೊಡನೆ ಹೋಲಿಸಿ, ‘ಆ’ ಎಂಬ ಅನುವಾದವನ್ನು ಕೈಬಿಟ್ಟರೆ, ಈ ಅಧ್ಯಾಯವನ್ನು ಬಾಯಿಪಾಠದ ಬದಲು ವಿವೇಚನೆಯಿಂದ ಕಲಿಸಲು ಸಾಧ್ಯವಾಗುತ್ತದೆ.